ಯಾವ ಚಂದ್ರಶೇಖರ್? ಒಂದೇ ಹೆಸರಿನ ಗಣ್ಯರನ್ನು ಬೇರೆ ಬೇರೆಯಾಗಿ ದಾಖಲಿಸುವ ಬಗೆ

ಪುಸ್ತಕದ ಕೊನೆಯಲ್ಲಿ ಬರುವ ಹೆಸರುಸೂಚಿ ತಯಾರಿಸುವುದು ನನ್ನ ಕೆಲಸ. ಅಭಿನಂದನ ಗ್ರಂಥ, ವಿಜ್ಞಾನದ ಇತಿಹಾಸ, ಪತ್ರಿಕಾ ಬರಹಗಳ ಸಂಕಲನ, ಹೀಗೆ ಎಲ್ಲ ಬಗೆಯ ಪುಸ್ತಕಗಳೂ ಬರುತ್ತವೆ. ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಅಪರೂಪದ ಹೆಸರುಗಳಲ್ಲ, ಎಲ್ಲರಿಗೂ ಗೊತ್ತಿರುವ ಹೆಸರುಗಳು. ರಾಜ್‌ಕುಮಾರ್, ನರಸಿಂಹಾಚಾರ್, ಅಶೋಕ್ ಕುಮಾರ್, ಚಂದ್ರಶೇಖರ್. ಇಂಥ ಒಂದು ಹೆಸರು ಕಂಡ ಕೂಡಲೇ ನಮ್ಮ ತಲೆಯಲ್ಲಿ ಒಬ್ಬರ ಮುಖ ಬಂದು ನಿಲ್ಲುತ್ತದೆ, ಆ ಮುಖ ಸಾಮಾನ್ಯವಾಗಿ ಹೆಚ್ಚು ಪ್ರಸಿದ್ಧರದ್ದು. ಪುಟದಲ್ಲಿರುವವರು ಅವರೇ ಆಗಿರಬೇಕೆಂದಿಲ್ಲ. ಕಡಿಮೆ ಪ್ರಸಿದ್ಧರಾದವರು ಜೀವಮಾನವಿಡೀ ಮಾಡಿದ ಕೆಲಸ ಹೀಗೆ ಸದ್ದಿಲ್ಲದೆ ಇನ್ನೊಬ್ಬರ ಖಾತೆಗೆ ಹೋಗಿಬಿಡುತ್ತದೆ. ಅದು ಅನ್ಯಾಯ. ಅದನ್ನು ತಡೆಯುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಊರಿನ ಸ್ಮರಣ ಸಂಚಿಕೆ ಮಾಡುವವರಿಗೆ, ಕ್ವಿಜ್ ಪ್ರಶ್ನೆ ಬರೆಯುವವರಿಗೆ, ವಿಕಿಪೀಡಿಯದಲ್ಲಿ ಲೇಖನ ಸೇರಿಸುವವರಿಗೆ ಎಲ್ಲರಿಗೂ ಇದು ಅನ್ವಯಿಸುತ್ತದೆ.

ಉದಾಹರಣೆಗೆ ಚಂದ್ರಶೇಖರ್ ಎಂಬ ಒಂದೇ ಹೆಸರನ್ನು ಹಿಡಿದುಕೊಳ್ಳುತ್ತೇನೆ. ಈ ಕೆಲಸದಲ್ಲಿ ಎದುರಾಗುವ ತೊಡಕುಗಳೆಲ್ಲ ಈ ಒಂದು ಹೆಸರಿನಲ್ಲೇ ಇವೆ.

ಹೆಸರಿಗೊಂದು ಚೀಟಿ ಬೇಡ, ವ್ಯಕ್ತಿಗೊಂದು ಚೀಟಿ

ಮೊದಲ ಓದಿನಲ್ಲಿ ಯಾರನ್ನೂ ಯಾರ ಜೊತೆಗೂ ಸೇರಿಸಬೇಡಿ. ಪುಟ 12ರಲ್ಲಿ ಒಬ್ಬ ಚಂದ್ರಶೇಖರ್ ಬಂದರೆ ಒಂದು ಚೀಟಿ, ಪುಟ 40ರಲ್ಲಿ ಮತ್ತೆ ಬಂದರೆ ಇನ್ನೊಂದು ಚೀಟಿ. ಇಬ್ಬರೂ ಒಬ್ಬರೇ ಎಂದು ನಿಮಗೆ ಅನ್ನಿಸಿದರೂ ಸರಿಯೇ. ಸೇರಿಸುವ ಕೆಲಸ ಎರಡನೆಯ ಓದಿನದು, ಪುರಾವೆ ಸಿಕ್ಕ ಮೇಲೆ. ಮೊದಲೇ ಸೇರಿಸಿಬಿಟ್ಟರೆ ಆಮೇಲೆ ಬಿಡಿಸುವುದು ಬಹಳ ಕಷ್ಟ, ಏಕೆಂದರೆ ಯಾವ ಪುಟಸಂಖ್ಯೆ ಯಾರದ್ದು ಎಂಬ ಗುರುತೇ ಉಳಿದಿರುವುದಿಲ್ಲ. ಕಂಪ್ಯೂಟರಿನಲ್ಲಿ ಮಾಡುವವರು ಚೀಟಿಯ ಬದಲು ಎಕ್ಸೆಲ್‌ನಲ್ಲಿ ಒಂದೊಂದು ಸಾಲು ಇಟ್ಟುಕೊಳ್ಳಲಿ, ಕ್ರಮ ಅದೇ.

ಚೀಟಿಯಲ್ಲಿ ಹೆಸರು ಪುಸ್ತಕದಲ್ಲಿರುವಂತೆಯೇ ಇರಲಿ. ಅದರ ಕೆಳಗೆ ಆ ಪುಟದಲ್ಲಿ ಆ ವ್ಯಕ್ತಿ ಮಾಡುತ್ತಿರುವ ಕೆಲಸವನ್ನು ಒಂದು ಸಾಲಿನಲ್ಲಿ ಬರೆಯಿರಿ. "ವಿಜ್ಞಾನಿ" ಎಂದು ಬರೆದರೆ ಸಾಲದು. "ಬಿಳಿ ಕುಬ್ಜ ನಕ್ಷತ್ರದ ದ್ರವ್ಯರಾಶಿಗೆ ಮಿತಿ ಇದೆ ಎಂದು ಲೆಕ್ಕ ಹಾಕಿದರು" ಎಂದು ಬರೆಯಿರಿ. ಬಿರುದು, ಪ್ರಶಸ್ತಿ, ಹುದ್ದೆ ಹಲವರಿಗೆ ಸಿಗುತ್ತವೆ. ಮಾಡಿದ ಕೆಲಸ ಮಾತ್ರ ಅವರೊಬ್ಬರದೇ.

ಇನಿಷಿಯಲ್ ಬಿಡಿಸಿ ನೋಡಿ

ಇನಿಷಿಯಲ್ ಇದ್ದರೆ ಗುರುತು ಸಿಕ್ಕ ಹಾಗೆ ಎಂದು ನಾವು ನಂಬುತ್ತೇವೆ. ಕೆಲವು ಸಲ ಅದು ನಿಜ. ಕನ್ನಡದ ನರಸಿಂಹಾಚಾರ್‌ಗಳನ್ನು ನೋಡಿ. ಆರ್. ನರಸಿಂಹಾಚಾರ್ (1860–1936) 'ಕರ್ನಾಟಕ ಕವಿಚರಿತೆ' ಬರೆದವರು, ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು. ಡಿ.ಎಲ್. ನರಸಿಂಹಾಚಾರ್ (1906–1971) ಗ್ರಂಥಸಂಪಾದನೆಯ ದೊಡ್ಡ ವಿದ್ವಾಂಸರು. ಪು.ತಿ. ನರಸಿಂಹಾಚಾರ್ (1905–1998) ಮೇಲುಕೋಟೆಯ ಕವಿ, 'ಗೋಕುಲ ನಿರ್ಗಮನ'ದ ಕರ್ತೃ. ಕನ್ನಡಿಗರು ಇನಿಷಿಯಲ್ಲನ್ನೇ ಹೆಸರಾಗಿಸಿ ಪುತಿನ ಎಂದರು, ಡಿಎಲ್‌ಎನ್ ಎಂದರು. ಹಾಗಾಗಿ ಗೊಂದಲಕ್ಕೆ ಎಡೆಯೇ ಇಲ್ಲ.

ಆದರೆ ಎಸ್. ಚಂದ್ರಶೇಖರ್ ಎಂಬಲ್ಲಿಗೆ ಬಂದಾಗ ಇನಿಷಿಯಲ್ ಕೈಕೊಡುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಸುಬ್ರಹ್ಮಣ್ಯನ್ ಚಂದ್ರಶೇಖರ್ 1910ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು, 1995ರಲ್ಲಿ ಶಿಕಾಗೋದಲ್ಲಿ ತೀರಿಕೊಂಡವರು. 1930ರಲ್ಲಿ ಹೆಚ್ಚಿನ ಓದಿಗೆಂದು ಕೇಂಬ್ರಿಜ್‌ಗೆ ಹಡಗಿನಲ್ಲಿ ಹೋಗುವಾಗಲೇ ನಕ್ಷತ್ರಗಳ ಕೊನೆಗಾಲದ ಲೆಕ್ಕಕ್ಕೆ ಕೈಹಾಕಿದರು. ಬಿಳಿ ಕುಬ್ಜ, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರ, ಅದರ ದ್ರವ್ಯರಾಶಿ ಸೂರ್ಯನ ಸುಮಾರು 1.4 ಪಟ್ಟು ದಾಟಲಾರದು ಎಂಬುದೇ ಮುಂದೆ ಚಂದ್ರಶೇಖರ್ ಮಿತಿ ಎಂದು ಹೆಸರಾಯಿತು. ಅವರಿಗೆ 1983ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಶಿವರಾಮಕೃಷ್ಣ ಚಂದ್ರಶೇಖರ್ (1930–2004) ಕೂಡ ಭೌತವಿಜ್ಞಾನಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವಸ್ಫಟಿಕ, ಅಂದರೆ ಲಿಕ್ವಿಡ್ ಕ್ರಿಸ್ಟಲ್‌ಗಳ ಪ್ರಯೋಗಾಲಯ ಕಟ್ಟಿದವರು. ದ್ರವಸ್ಫಟಿಕ ಎಂದರೆ ಕಡ್ಡಿಯಾಕಾರದ ಅಣುಗಳಿಂದಲೇ ಆಗುವಂಥದ್ದು ಎಂಬ ತಿಳಿವಳಿಕೆ ಇದ್ದ ಕಾಲದಲ್ಲಿ, ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಕೂತು ದ್ರವಸ್ಫಟಿಕವಾಗುತ್ತವೆ ಎಂದು ಅವರೂ ಅವರ ಸಹೋದ್ಯೋಗಿಗಳೂ 1977ರಲ್ಲಿ ತೋರಿಸಿಕೊಟ್ಟರು. ಜಗತ್ತಿನಾದ್ಯಂತ ಆ ಬಗೆಯ ವಸ್ತುಗಳ ಅಧ್ಯಯನ ಶುರುವಾದದ್ದು ಅಲ್ಲಿಂದ.

ಈಗ ಒಂದು ವಾಕ್ಯ: "ಪ್ರಸಿದ್ಧ ಭೌತವಿಜ್ಞಾನಿ, ರಾಯಲ್ ಸೊಸೈಟಿಯ ಫೆಲೊ, ರಾಯಲ್ ಮೆಡಲ್ ಪಡೆದ ಎಸ್. ಚಂದ್ರಶೇಖರ್ ಅವರು ಸರ್ ಸಿ.ವಿ. ರಾಮನ್ ಅವರ ಹತ್ತಿರದ ಬಂಧು." ಇದು ಯಾರು? ಇಬ್ಬರೂ ಆಗಬಹುದು. ಇಬ್ಬರೂ ಎಸ್., ಇಬ್ಬರೂ ಭೌತವಿಜ್ಞಾನಿ, ಇಬ್ಬರೂ ಬ್ರಿಟನ್ನಿನ ವಿಜ್ಞಾನ ಅಕಾಡೆಮಿಯಾದ ರಾಯಲ್ ಸೊಸೈಟಿಯ ಫೆಲೊ. ರಾಯಲ್ ಮೆಡಲ್ ಒಬ್ಬರಿಗೆ 1962ರಲ್ಲಿ, ಇನ್ನೊಬ್ಬರಿಗೆ 1994ರಲ್ಲಿ. ಒಬ್ಬರು ರಾಮನ್ ಅವರ ಅಣ್ಣನ ಮಗ, ಇನ್ನೊಬ್ಬರು ಸೋದರಿಯ ಮಗ. ವಾಕ್ಯದಲ್ಲಿರುವ ಐದು ವಿವರಗಳಲ್ಲಿ ಒಂದೂ ಇಬ್ಬರನ್ನು ಬೇರೆ ಮಾಡುವುದಿಲ್ಲ. ಬಿರುದು, ಪ್ರಶಸ್ತಿ, ನಂಟಸ್ತಿಕೆಯ ಆಧಾರದ ಮೇಲೆ ಯಾರನ್ನೂ ಗುರುತಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಮೊದಲು ವಸ್ತು ಯಾವುದು ನೋಡಿ: ನಕ್ಷತ್ರವೇ, ದ್ರವಸ್ಫಟಿಕವೇ. ಎರಡನೆಯದು ಸ್ಥಳ: ಹಿರಿಯರು 1937ರಿಂದ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು, ಕಿರಿಯರ ವೃತ್ತಿಜೀವನದ ಬಹುಪಾಲು ಮೈಸೂರು, ಬೆಂಗಳೂರು. ಮೂರನೆಯದು ಕಾಲ: 1944ಕ್ಕೆ ಸಂಬಂಧಿಸಿದ ಪ್ಯಾರಾದಲ್ಲಿ ಎಸ್. ಚಂದ್ರಶೇಖರ್ ಬಂದರೆ ಅವರು ಕಿರಿಯರಾಗಿರಲು ಸಾಧ್ಯವಿಲ್ಲ, ಆಗ ಅವರಿಗೆ ಹದಿನಾಲ್ಕು ವರ್ಷ. ಈ ಮೂರರಲ್ಲಿ ಎರಡಾದರೂ ಹೊಂದಿದ ಮೇಲೆಯೇ ಪುಟಸಂಖ್ಯೆಯನ್ನು ಆಯಾ ನಮೂದಿಗೆ ಸೇರಿಸಿ. ಒಂದೇ ಒಂದು ಹೊಂದಿದರೆ ಸಾಲದು. ರಾಮನ್ ಸಂಸ್ಥೆಯ ಕುರಿತ ಲೇಖನದಲ್ಲಿ ಹೆಸರು ಬಂತೆಂದ ಮಾತ್ರಕ್ಕೆ ಅದು ಕಿರಿಯರದೇ ಆಗಬೇಕಿಲ್ಲ, ರಾಮನ್ ಅವರ ಬಗ್ಗೆ ಬರೆಯುವವರು ನೊಬೆಲ್ ಪಡೆದ ಅಣ್ಣನ ಮಗನನ್ನೂ ನೆನೆಯುತ್ತಾರೆ.

ಮೂರನೆಯವರೂ ಇದ್ದಾರೆ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಲೆಗ್ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್. ಇವರ ಎಸ್. ಬಿಡಿಸಿದರೆ ಸುಬ್ರಹ್ಮಣ್ಯ, ಅಂದರೆ ಖಭೌತವಿಜ್ಞಾನಿಯ ಎಸ್. ಯಾವುದೋ ಅದೇ. ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿದ ಬಲಗೈಯಿಂದಲೇ ಬೌಲಿಂಗ್ ಮಾಡಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದವರು. ಟೆಸ್ಟ್‌ನಲ್ಲಿ ಅವರು ಗಳಿಸಿದ ಒಟ್ಟು ರನ್ 167, ವಿಕೆಟ್‌ಗಿಂತ ರನ್ ಕಡಿಮೆ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವನ್ನೂ ಸರಣಿಯನ್ನೂ ತಂದುಕೊಟ್ಟರು. ಅವರ ಪಕ್ಕದ ಅಂಕಣದಲ್ಲಿ ಒಬ್ಬ ವಿಜ್ಞಾನಿ ಬಂದರೆ ಗೊಂದಲವಾಗದು ಎಂದುಕೊಳ್ಳಬೇಡಿ. ಗೆಳೆಯರು, ಸಹೋದ್ಯೋಗಿಗಳು ಶಿಕಾಗೋದ ವಿಜ್ಞಾನಿಯನ್ನು ಕರೆಯುತ್ತಿದ್ದದ್ದು "ಚಂದ್ರ" ಎಂದು, 1999ರಲ್ಲಿ ನಾಸಾ ಹಾರಿಸಿದ ಎಕ್ಸ್-ರೇ ದೂರದರ್ಶಕಕ್ಕೂ ಅದೇ ಹೆಸರು. ಕ್ರಿಕೆಟ್ ಪ್ರಿಯರು ಬಿ.ಎಸ್. ಅವರನ್ನು ಕರೆಯುವುದೂ "ಚಂದ್ರ" ಎಂದೇ. ನೆನಪಿನ ಬರಹಗಳ ಸಂಕಲನದಲ್ಲಿ ಬರೀ "ಚಂದ್ರ" ಎಂದಿದ್ದರೆ ಆ ಲೇಖನವನ್ನು ಪೂರ್ತಿ ಓದದೆ ನಮೂದು ಮಾಡಬೇಡಿ.

ಇನಿಷಿಯಲ್ ಬಿಡಿಸುವುದರಿಂದ ಇನ್ನೊಂದು ಲಾಭವಿದೆ. ಸಿ.ವಿ. ರಾಮನ್ ಎಂಬಲ್ಲಿ ಸಿ. ಎಂದರೆ ಚಂದ್ರಶೇಖರ, ಅದು ಅವರ ತಂದೆಯ ಹೆಸರು. ರಾಮನ್ ಅವರ ಅಣ್ಣ ಸುಬ್ರಹ್ಮಣ್ಯ ಅಯ್ಯರ್ ತಮ್ಮ ಮಗನಿಗೆ ಇಟ್ಟದ್ದು ತಾತನ ಹೆಸರು. ವಂಶದಲ್ಲಿ ಹೆಸರು ಹೀಗೆ ಒಂದು ತಲೆಮಾರು ಬಿಟ್ಟು ಮರಳಿ ಬರುತ್ತದೆ ಎಂದು ಗೊತ್ತಿದ್ದರೆ, ಜೀವನಚರಿತ್ರೆಯ ಮೊದಲ ಅಧ್ಯಾಯದಲ್ಲಿ ಬರುವ ಚಂದ್ರಶೇಖರ ಅಯ್ಯರ್ ಅವರನ್ನೂ ಐದನೆಯ ಅಧ್ಯಾಯದ ಚಂದ್ರಶೇಖರ್ ಅವರನ್ನೂ ನೀವು ಒಂದೇ ನಮೂದಿಗೆ ತಳ್ಳುವುದಿಲ್ಲ. ಡಿ.ಎಲ್. ನರಸಿಂಹಾಚಾರ್ ಅವರಲ್ಲಿ ಡಿ. ಎಂದರೆ ದೊಡ್ಡಬೆಲೆ, ಊರು. ಹೀಗೆ ಒಬ್ಬೊಬ್ಬರ ಇನಿಷಿಯಲ್ಲಿನಲ್ಲಿ ಒಂದೊಂದು ಬಗೆಯ ಮಾಹಿತಿ ಇರುತ್ತದೆ, ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.

ವರ್ಷವೊಂದನ್ನೇ ನಂಬಬೇಡಿ

ಕಾಲ ನೋಡಿ ಎಂದೆ. ಆದರೆ ಕಾಲವೂ ಒಂಟಿಯಾಗಿ ನಿಲ್ಲದು. 1983ರ ಪತ್ರಿಕೆಗಳ ಸಂಕಲನಕ್ಕೆ ಸೂಚಿ ಮಾಡುತ್ತಿದ್ದೀರಿ ಎಂದುಕೊಳ್ಳಿ. ಆ ವರ್ಷ ಜನತಾ ಪಕ್ಷದ, ಮುಂದೆ ಪ್ರಧಾನಿಯಾದ ಚಂದ್ರಶೇಖರ್ ಕನ್ಯಾಕುಮಾರಿಯಿಂದ ದೆಹಲಿಯ ರಾಜಘಾಟ್‌ವರೆಗೆ ಪಾದಯಾತ್ರೆ ಮಾಡಿದರು. ಅದೇ ವರ್ಷ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ ನೊಬೆಲ್. ಅದೇ ವರ್ಷ ಶಿವರಾಮಕೃಷ್ಣ ಚಂದ್ರಶೇಖರ್ ರಾಯಲ್ ಸೊಸೈಟಿಗೆ ಆಯ್ಕೆಯಾದರು. "ಚಂದ್ರಶೇಖರ್‌ಗೆ ಅಭಿನಂದನೆ" ಎಂಬ ಒಂದು ತಲೆಬರಹ ಇಬ್ಬರು ವಿಜ್ಞಾನಿಗಳಲ್ಲಿ ಯಾರಿಗೂ ಸಲ್ಲಬಹುದು. ಇಂಥಲ್ಲಿ ತಲೆಬರಹ ಬಿಟ್ಟು ಸುದ್ದಿಯ ಒಡಲಿಗೇ ಹೋಗಬೇಕು.

ಕ್ಷೇತ್ರದ ಹಣೆಪಟ್ಟಿ ಸಾಕೇ?

ಸೂಚಿಯಲ್ಲಿ ಹೆಸರಿನ ಮುಂದೆ ಆವರಣದಲ್ಲಿ "ಕವಿ", "ನಟ", "ರಾಜಕಾರಣಿ" ಎಂದು ಹಾಕುವುದು ರೂಢಿ. ಕ್ಷೇತ್ರಗಳು ದೂರ ದೂರ ಇದ್ದಾಗ ಇಷ್ಟೇ ಸಾಕು. ನಟ ಅಶೋಕ್ ಕುಮಾರ್ (1911–2001) ಒಬ್ಬರು. 1975ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಗೆಲುವಿನ ಗೋಲು ಹೊಡೆದ ಹಾಕಿ ಆಟಗಾರ, ಧ್ಯಾನ್‌ಚಂದ್ ಅವರ ಮಗ ಅಶೋಕ್ ಕುಮಾರ್ ಇನ್ನೊಬ್ಬರು. "ನಟ", "ಹಾಕಿ" ಎಂದರೆ ಮುಗಿಯಿತು. ಹೊಯ್ಸಳ ದೊರೆ ವಿಷ್ಣುವರ್ಧನನಿಗೂ ನಟ ವಿಷ್ಣುವರ್ಧನ್ (1950–2009) ಅವರಿಗೂ ಅಷ್ಟೂ ಬೇಕಿಲ್ಲ, ನಡುವೆ ಎಂಟು ಶತಮಾನಗಳಿವೆ.

ಆದರೆ "ಖಗೋಳ" ಎಂದು ಹಾಕಿ ನೋಡಿ. ಶಿಕಾಗೋದವರಲ್ಲದೆ ಒಡಿಶಾದ ಖಂಡಪಡಾದ ಸಾಮಂತ ಚಂದ್ರಶೇಖರ (1835–1904) ಕೂಡ ಅಲ್ಲಿಗೇ ಬರುತ್ತಾರೆ. ದೂರದರ್ಶಕವಿಲ್ಲದೆ, ಬಿದಿರು ಮತ್ತು ಮರದಿಂದ ತಾವೇ ಮಾಡಿಕೊಂಡ ಸಾಧನಗಳಿಂದ ಗ್ರಹಗಳ ಚಲನೆ ಅಳೆದು 'ಸಿದ್ಧಾಂತ ದರ್ಪಣ' ಎಂಬ ಸಂಸ್ಕೃತ ಗ್ರಂಥ ರಚಿಸಿದ ಮಹನೀಯರು. ಇವರ ಬಗ್ಗೆ ಓದಿದಾಗೆಲ್ಲ ನನಗೆ ಗೌರವ ಹೆಚ್ಚುತ್ತದೆ, ಕನ್ನಡದಲ್ಲಿ ಇವರ ಹೆಸರು ಇನ್ನಷ್ಟು ಕೇಳಿಬರಬೇಕು. ಇಲ್ಲಿ "ಖಗೋಳ" ತೆಗೆದು "ಸಿದ್ಧಾಂತ ದರ್ಪಣ" ಎಂದೇ ಹಾಕಿ.

"ನಾಟಕಕಾರ" ಎಂದರೂ ಇದೇ ಪಾಡು. ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದವರು, ಚಂದ್ರಶೇಖರ ಪಾಟೀಲರು 1939ರಲ್ಲಿ. ಇಬ್ಬರೂ ಉತ್ತರ ಕರ್ನಾಟಕದವರು, ಇಬ್ಬರೂ ಕವಿಗಳು, ಇಬ್ಬರೂ ನಾಟಕಕಾರರು. ಕಂಬಾರರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, 2010ರ ಜ್ಞಾನಪೀಠ ಪಡೆದವರು. ಪಾಟೀಲರು 'ಸಂಕ್ರಮಣ' ಪತ್ರಿಕೆಯವರು, ನಾಡಿಗೆ ಚಂಪಾ ಎಂದೇ ಪರಿಚಿತರು. ಮನೆತನದ ಹೆಸರು ಇರುವುದರಿಂದ ನಮ್ಮ ಕೆಲಸ ಹಗುರ: ಒಬ್ಬರು ಕ ಅಕ್ಷರದಡಿ, ಇನ್ನೊಬ್ಬರು ಪ ಅಕ್ಷರದಡಿ. ಆದರೆ "ಚಂಪಾ" ಎಂದು ಹುಡುಕುವವರೇ ಹೆಚ್ಚು. ಅಲ್ಲೊಂದು "ಚಂಪಾ, ನೋಡಿ: ಪಾಟೀಲ, ಚಂದ್ರಶೇಖರ" ಎಂಬ ಸಾಲು ಕಡ್ಡಾಯವಾಗಿ ಇರಲಿ.

ಕೆಲವರನ್ನು ಜನರೇ ಬೇರ್ಪಡಿಸಿಟ್ಟಿರುತ್ತಾರೆ. 1973ರ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದಲ್ಲಿ ನಟಿಸಿದ ಚಂದ್ರಶೇಖರ್ ಅವರನ್ನು ಆ ಚಿತ್ರದ ಹೆಸರಿನಿಂದಲೇ ಗುರುತಿಸುತ್ತಿದ್ದರು. ಜನರ ಬಾಯಲ್ಲಿರುವ ಇಂಥ ಗುರುತನ್ನು ಸೂಚಿಗೆ ಸೇರಿಸಲು ಹಿಂಜರಿಯಬೇಡಿ.

ಇಡೀ ಹೆಸರೇ ಎರಡು ಸಲ ಬರುವುದೂ ಉಂಟು. ಚಂದ್ರಶೇಖರ್ ಆಜಾದ್ ಎಂದರೆ 1931ರ ಫೆಬ್ರುವರಿ 27ರಂದು ಅಲಹಾಬಾದಿನ ಆಲ್ಫ್ರೆಡ್ ಪಾರ್ಕಿನಲ್ಲಿ ಪ್ರಾಣ ಕೊಟ್ಟ ಕ್ರಾಂತಿಕಾರಿ. ಅವರ ಮನೆತನದ ಹೆಸರು ತಿವಾರಿ, ಆಜಾದ್ ಎಂಬುದು ಹುಡುಗನಾಗಿದ್ದಾಗ ನ್ಯಾಯಾಲಯದಲ್ಲಿ ತಾವೇ ಹೇಳಿಕೊಂಡ ಹೆಸರು. ಇಂದಿನ ಚಂದ್ರಶೇಖರ್ ಆಜಾದ್ 1986ರಲ್ಲಿ ಹುಟ್ಟಿದವರು, ಭೀಮ್ ಆರ್ಮಿ ಕಟ್ಟಿದವರು, 2024ರಲ್ಲಿ ಉತ್ತರ ಪ್ರದೇಶದ ನಗೀನಾದಿಂದ ಲೋಕಸಭೆಗೆ ಗೆದ್ದವರು. ಇಲ್ಲಿ ಜನ್ಮವರ್ಷ ಹಾಕದೆ ಬೇರೆ ದಾರಿಯಿಲ್ಲ.

ಹುಟ್ಟುಹೆಸರು, ಪರದೆಯ ಹೆಸರು

ಸಿನಿಮಾದವರ ವಿಷಯದಲ್ಲಿ ಹುಟ್ಟುಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಡಾ. ರಾಜ್‌ಕುಮಾರ್ (1929–2006) ಮುತ್ತುರಾಜ ಆಗಿದ್ದವರು, ಹಿಂದಿಯ ರಾಜ್‌ಕುಮಾರ್ (1926–1996) ಕುಲಭೂಷಣ ಪಂಡಿತ್ ಆಗಿದ್ದವರು, ವಿಷ್ಣುವರ್ಧನ್ ಸಂಪತ್ ಕುಮಾರ್ ಆಗಿದ್ದವರು. ಬಾಲ್ಯದ ಅಧ್ಯಾಯದಲ್ಲಿ ಬರುವ ಮುತ್ತುರಾಜನ ಪುಟಗಳು ರಾಜ್‌ಕುಮಾರ್ ನಮೂದಿಗೆ ಸೇರಬೇಕು. ಸೂಚಿಯ ತಲೆಯಲ್ಲಿ ಮಾತ್ರ ಅವರು ಲೋಕಕ್ಕೆ ಪರಿಚಿತರಾದ ಹೆಸರೇ ಇರಲಿ. "ಡಾ." ಎಂಬುದನ್ನು ಅಕಾರಾದಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಇಲ್ಲದಿದ್ದರೆ ಡ ಅಕ್ಷರದಡಿ ನಾಡಿನ ಅರ್ಧ ಜನ ಬಂದು ಸೇರುತ್ತಾರೆ.

ಕಾಗುಣಿತ ಮತ್ತು ಅನುಕ್ರಮ

ಚಂದ್ರಶೇಖರ, ಚಂದ್ರಶೇಖರ್, ಚಂದ್ರಶೇಖರನ್. ಎಲ್ಲರದ್ದನ್ನೂ ಒಂದೇ ರೂಪಕ್ಕೆ ತರುವ ಆಸೆ ಆಗುತ್ತದೆ, ತರಬೇಡಿ. ಅವರವರು ಬರೆದುಕೊಂಡಂತೆ, ಅವರ ನಾಡಿನಲ್ಲಿ ಬರೆಯುವಂತೆ ಇರಲಿ. ಆದರೆ ಜೋಡಿಸುವಾಗ ಕೊನೆಯ ಅರೆ ಅಕ್ಷರದ ಭೇದವನ್ನು ಬದಿಗಿಟ್ಟು ಎಲ್ಲರನ್ನೂ ಒಂದೆಡೆ ತನ್ನಿ. ಕಂಪ್ಯೂಟರ್ ತಾನಾಗಿ ಅಕಾರಾದಿ ಮಾಡಿದರೆ ಅರ್ಧಾಕ್ಷರದಿಂದಾಗಿ, ನಡುವಿನ ಖಾಲಿ ಜಾಗದಿಂದಾಗಿ ಒಂದೇ ಹೆಸರಿನವರು ಪುಟದ ಮೂಲೆ ಮೂಲೆಗೆ ಚೆದುರುತ್ತಾರೆ. ಈ ಭಾಗವನ್ನು ಕೈಯಿಂದಲೇ ಸರಿಪಡಿಸಬೇಕು.

ಒಂದೇ ಹೆಸರಿನವರ ನಡುವೆ ಮೊದಲು ಯಾರು? ನಾನು ಜನ್ಮವರ್ಷದ ಪ್ರಕಾರ ಇಡುತ್ತೇನೆ. ಪ್ರಸಿದ್ಧಿಯ ಪ್ರಕಾರ ಇಟ್ಟರೆ ಸೂಚಿ ಮಾಡುವವರ ಅಭಿಪ್ರಾಯ ಒಳಗೆ ನುಸುಳುತ್ತದೆ. ಪೂರ್ತಿಯಾದಾಗ ಹೀಗೆ ಕಾಣುತ್ತದೆ:

ಚಂದ್ರಶೇಖರ, ಸಾಮಂತ (1835–1904), 'ಸಿದ್ಧಾಂತ ದರ್ಪಣ'
ಚಂದ್ರಶೇಖರ್ ಆಜಾದ್ (1906–1931), ಕ್ರಾಂತಿಕಾರಿ
ಚಂದ್ರಶೇಖರ್, ಸುಬ್ರಹ್ಮಣ್ಯನ್ (1910–1995), ನಕ್ಷತ್ರಗಳ ಭೌತವಿಜ್ಞಾನ
ಚಂದ್ರಶೇಖರ್ (1927–2007), ಪ್ರಧಾನಿ, 1990–91
ಚಂದ್ರಶೇಖರ್, ಶಿವರಾಮಕೃಷ್ಣ (1930–2004), ದ್ರವಸ್ಫಟಿಕ
ಚಂದ್ರಶೇಖರ ಕಂಬಾರ, ನೋಡಿ: ಕಂಬಾರ, ಚಂದ್ರಶೇಖರ
ಚಂದ್ರಶೇಖರ ಪಾಟೀಲ, ನೋಡಿ: ಪಾಟೀಲ, ಚಂದ್ರಶೇಖರ
ಚಂದ್ರಶೇಖರ್, ಬಿ.ಎಸ್. (ಜ. 1945), ಕ್ರಿಕೆಟ್
ಚಂದ್ರಶೇಖರ್ ಆಜಾದ್ (ಜ. 1986), ಭೀಮ್ ಆರ್ಮಿ

ಇಬ್ಬರು ಭೌತವಿಜ್ಞಾನಿಗಳಿಗೂ "ಎಸ್." ಹಾಕದೆ ಹೆಸರನ್ನು ಪೂರ್ತಿ ಬಿಡಿಸಿ ಬರೆದದ್ದನ್ನು ಗಮನಿಸಿ. ಬಿ.ಎಸ್. ಅವರಿಗೆ ಅದು ಬೇಕಾಗಲಿಲ್ಲ, ಎರಡು ಅಕ್ಷರದಲ್ಲೇ ಅವರು ಬೇರೆಯಾಗುತ್ತಾರೆ.

ಅಂತರ್ಜಾಲದಲ್ಲಿ ಪರಿಶೀಲಿಸುವಾಗ

ಬರೀ ಹೆಸರು ಹಾಕಿ ಹುಡುಕಿದರೆ ಹೆಚ್ಚು ಪ್ರಸಿದ್ಧರೇ ಮೇಲೆ ಬರುತ್ತಾರೆ. ಹೆಸರಿನ ಜೊತೆ ಚೀಟಿಯಲ್ಲಿ ಬರೆದ ಕೆಲಸವನ್ನೂ ಸೇರಿಸಿ ಹುಡುಕಿ. ಫೋಟೊವನ್ನು ಯಾವ ಕಾರಣಕ್ಕೂ ಪುರಾವೆ ಎಂದುಕೊಳ್ಳಬೇಡಿ, ಒಬ್ಬರ ಲೇಖನಕ್ಕೆ ಇನ್ನೊಬ್ಬರ ಫೋಟೊ ಅಂಟಿಕೊಂಡಿರುವುದು ಸಾಮಾನ್ಯ. ಸಂಶೋಧಕರಾದರೆ ಓರ್ಕಿಡ್ ಎಂಬ ಹದಿನಾರು ಅಂಕಿಗಳ ಗುರುತುಸಂಖ್ಯೆ ಇರಬಹುದು. ಈ ವ್ಯವಸ್ಥೆ 2012ರಲ್ಲಿ ಶುರುವಾದದ್ದು, ಹಾಗಾಗಿ ಹಳೆಯ ತಲೆಮಾರಿನವರಿಗೆ ಇದು ಒದಗುವುದಿಲ್ಲ. ಲೇಖಕರಿಗಾದರೆ ಜಗತ್ತಿನ ದೊಡ್ಡ ಗ್ರಂಥಾಲಯಗಳ ದಾಖಲೆಗಳನ್ನು ಜೋಡಿಸುವ ವಿಯಾಫ್ ಇದೆ, ಅಲ್ಲಿ ಒಂದೇ ಹೆಸರಿನವರನ್ನು ಜನ್ಮವರ್ಷ ಮತ್ತು ಕೃತಿಗಳ ಮೂಲಕ ಬೇರ್ಪಡಿಸಿ ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟಿರುತ್ತಾರೆ.

ಗೊತ್ತಾಗದೆ ಉಳಿದ ಪುಟಗಳು

ಎಷ್ಟು ಹುಡುಕಿದರೂ ಒಂದೆರಡು ಪುಟಗಳು ಉಳಿಯುತ್ತವೆ. ಸಭೆಯೊಂದರ ವರದಿಯಲ್ಲಿ "ಶ್ರೀ ಚಂದ್ರಶೇಖರ್ ವಂದನಾರ್ಪಣೆ ಮಾಡಿದರು" ಎಂದಷ್ಟೇ ಇರುತ್ತದೆ. ಅದನ್ನು ಪ್ರಧಾನಿಯ ನಮೂದಿಗೋ ಕ್ರಿಕೆಟಿಗರ ನಮೂದಿಗೋ ಸೇರಿಸಿ ಕೈತೊಳೆದುಕೊಳ್ಳಬೇಡಿ. "ಚಂದ್ರಶೇಖರ್ (ವಂದನಾರ್ಪಣೆ ಮಾಡಿದವರು)" ಎಂದು ಬೇರೆಯದೇ ನಮೂದು ಕೊಡಿ, ಪಟ್ಟಿಯ ಕೊನೆಯಲ್ಲಿ ಇಡಿ. ಕರಡಿನ ಅಂಚಿನಲ್ಲಿ ಗುರುತು ಹಾಕಿ ಗ್ರಂಥದ ಸಂಪಾದಕರಿಗೆ ಕಳುಹಿಸಿ, ಅವರಿಗೆ ಗೊತ್ತಿರಬಹುದು. ಉತ್ತರ ಬರುವ ಮುನ್ನ ಪುಸ್ತಕ ಅಚ್ಚಿಗೆ ಹೋದರೆ ಆ ಬೇರೆ ನಮೂದು ಹಾಗೆಯೇ ಅಚ್ಚಾಗಲಿ.